ಮೂರನೇ ನಂಬರಿನ ಪಾರಿವಾಳ

ಓಬೆಡ್ ಹಾರ್ಟಿಲ್‌ಗೆ ಬೇರೆ ಶತ್ರು ಬೇಕಿರಲಿಲ್ಲ, ಅವನ ಬಾಯಿಯೇ ಸಾಕಿತ್ತು. ಬಲೂನಿನಲ್ಲಿ ಮೇಲೇರಿ ಗಾಳಿಯನ್ನು ಅಳೆಯಲು ಹೊರಟಿದ್ದ ಪೆನ್‌ರೋಸ್ ಸಾಹೇಬರು ವಿಲೆನ್‌ಹಾಲ್‌ನ ಬಿಯರ್ ಅಂಗಡಿಗೆ ಬಂದು, "ಐದು ಮೈಲಿ ಎತ್ತರದಿಂದ ಬಿಡೋಕೆ ಪಾರಿವಾಳ ಬೇಕು" ಎಂದಾಗ ಅವನು ನಾಲ್ಕನೇ ಲೋಟದಲ್ಲಿದ್ದ.

"ನನ್ನ ಡಾಲೀನ ಚಂದ್ರನ ಮೇಲೆ ಬಿಟ್ರೂ ಮನೆಗೆ ಬರ್ತಾಳೆ, ಸ್ವಾಮಿ!"

"ಹಂಗಾದ್ರೆ ಕೊಡಪ್ಪ," ಎಂದು ಕೂತವರೆಲ್ಲ ಪಟ್ಟು ಹಿಡಿದರು. ಪಕ್ಕದ ಮನೆಯ ಅಮೋಸ್ ಪಿಂಚರ್ ಎಲ್ಲರಿಗಿಂತ ಜೋರಾಗಿ ನಕ್ಕ.

"ಹಲ್ಲು ಕಿರೀಬೇಡ ಕಣೋ," ಎಂದ ಓಬೆಡ್. "ನಿನ್ನ ಕ್ವೀನೀನೂ ಕೊಡು, ನೋಡೋಣ."

ಅಮೋಸನ ನಗು ನಿಂತಿತು. ಎಲ್ಲರೆದುರು ಇಬ್ಬರೂ ಮಾತು ಕೊಟ್ಟರು.

ಬೆಳಗಾದಾಗ ಓಬೆಡ್‌ಗೆ ಅಮಲು ಇಳಿದು ಭಯ ಏರಿತ್ತು. ಐದು ಮೈಲಿ! ಅಲ್ಲಿ ಉಸಿರಾಡಲು ಗಾಳಿಯೇ ಇಲ್ಲವಂತೆ. ಡಾಲಿ ಕಲ್ಲಿನ ಹಾಗೆ ಬೀಳುತ್ತಾಳೆ. ಹೆಂಡತಿಗಿಂತ ಹೆಚ್ಚು ಮುದ್ದಿನಿಂದ ಸಾಕಿದ ಹಕ್ಕಿ ಅದು. ಅಮೋಸನ ಕ್ವೀನಿಯೂ ಅದೇ ಬೂದು ಬಣ್ಣ, ಅದೇ ಗಾತ್ರ.

ಅವನು ಸುತ್ತುಬಳಸಿ ಅಮೋಸನ ಹಿತ್ತಲು ಸೇರಿದ. ಗೂಡಿಗೆ ಬೀಗವಿತ್ತು. ಆದರೆ ಊರಿಗೆ ಊರೇ ಬೀಗ ಮಾಡಿ ಬದುಕುವಲ್ಲಿ ಬೀಗವೆಂದರೆ ಬರೀ ಮರ್ಯಾದೆಯ ಮಾತು. ಒಂದು ಮೊಳೆ ತಿರುವಿದ, ತೆರೆಯಿತು. ಅಮೋಸನ ಸುಳಿವೇ ಇರಲಿಲ್ಲ. ಅದೃಷ್ಟ ಎಂದುಕೊಂಡು ಕ್ವೀನಿಯನ್ನು ಬುಟ್ಟಿಗೆ ಹಾಕಿ ನೇರ ಗ್ಯಾಸ್ ಕಾರ್ಖಾನೆಯ ಬಯಲಿಗೆ ನಡೆದ.

ಬಲೂನು ಗ್ಯಾಸ್ ಕುಡಿದು, ಭಾನುವಾರದ ಊಟ ಮುಗಿಸಿದ ಪಾದ್ರಿಯ ಹಾಗೆ ತೂಗಾಡುತ್ತಿತ್ತು. ಪೆನ್‌ರೋಸ್ ಯಾರನ್ನೂ ನಂಬುವವರಲ್ಲ. "ಯಾರದೋ ಹಕ್ಕಿ ತಂದು ಕೊಟ್ರೆ ಪ್ರಯೋಗ ಹಾಳಾಗುತ್ತೆ. ಬೈಬಲ್ ಮುಟ್ಟಿ ಹೇಳಿ."

ಅಮೋಸ್ ಆಗಲೇ ಮುಟ್ಟಿ ಹೇಳಿಯಾಗಿತ್ತಂತೆ. ಅವನ ಹಕ್ಕಿಗೆ ಮೂರನೇ ನಂಬರಿನ ಪಟ್ಟಿ, ಹೆಸರು ಕ್ವೀನಿ. ಗೂಡು ಖಾಲಿಯಾಗಿದ್ದು ಕಂಡು ಯಾವುದೋ ದಿಕ್ಕಿಲ್ಲದ ಹಕ್ಕಿ ತಂದಿದ್ದಾನೆ ಸುಳ್ಳ, ಎಂದು ಓಬೆಡ್ ಒಳಗೊಳಗೇ ನಕ್ಕ. ತಾನೂ ಬೈಬಲ್ ಮುಟ್ಟಿ, "ಇದು ನನ್ನ ಡಾಲಿ" ಎಂದ. ಬುಟ್ಟಿಯೊಳಗಿನ ಹಕ್ಕಿಯ ಕಾಲಿಗೆ ನಾಲ್ಕನೇ ನಂಬರಿನ ಪಟ್ಟಿ ಬಿತ್ತು. ಅರ ತಿಕ್ಕಿ ತಿಕ್ಕಿ ಬೆನ್ನು ಬಾಗಿದ್ದ ಬೀಗದವರೆಲ್ಲ ಕಷ್ಟಪಟ್ಟು ಕತ್ತೆತ್ತಿದರು. ಬಲೂನು ಮೋಡದೊಳಗೆ ಹೋಯಿತು.

ಮನೆಗೆ ಬಂದರೆ ಡಾಲಿ ಇರಲಿಲ್ಲ.

"ಕೆಜಯಾ! ಡಾಲಿ ಎಲ್ಲೇ?"

"ನೀವೇ ತಾನೆ ಬಲೂನಿಗೆ ಕೊಟ್ಟು ಬಂದಿದ್ದು?" ಎಂದಳು ಹೆಂಡತಿ.

ಆಕಾಶದಲ್ಲಿರುವ ಹಕ್ಕಿ ಗೂಡಿನಿಂದ ಕಳುವಾಗಿದೆ ಎಂದು ಯಾರ ಹತ್ತಿರ ದೂರುವುದು? ಒಲೆಯ ಕಡೆಯಿಂದ ಮಾಂಸದ ಕಡುಬಿನ ವಾಸನೆ ಬಂತು.

"ಇದ್ಯಾವ ಮಾಂಸ?"

"ಮೊಲ."

"ಮೊಲಾನಾ?"

"ಅಲ್ಲ, ಆನೆ! ತಿನ್ನಿ ಸುಮ್ನೆ."

ಅವನು ಪ್ರತಿ ಮೂಳೆಯನ್ನೂ ಬೆಳಕಿಗೆ ಹಿಡಿದು ನೋಡುತ್ತ ತಿಂದ. ಆಚೆ ಮನೆಯಲ್ಲಿ ಅಮೋಸನೂ ಹಿತ್ತಲಿಗೂ ಬೀದಿಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ, ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಸಂಜೆ ಬೀದಿಯಲ್ಲಿ ಕೂಗೆದ್ದಿತು. ಒಂದು ಪಾರಿವಾಳ ತಿರುಗಿ ಬಂದಿತ್ತು! ಅದು ನೇರ ಓಬೆಡ್‌ನ ಸೂರಿನ ಮೇಲೆ ಕೂತು, ಅವನು ಹೊರಗೆ ಬಂದ ಕೂಡಲೇ ಹಾರಿ ಹೆಗಲೇರಿತು. ಎಡಗಾಲಿನ ಸೊಟ್ಟ ಬೆರಳು. ಡಾಲಿ! ಓಬೆಡ್‌ಗೆ ಕಣ್ಣು ತುಂಬಿತು.

ಬಿಯರ್ ಅಂಗಡಿಯ ಬೆಟ್ಸಿ ಪಟ್ಟಿ ಓದಿದಳು. "ಮೂರು! ಅಯ್ಯೋ, ಇದು ಅಮೋಸನ ಕ್ವೀನಿ!"

"ಅವನ ಹಕ್ಕಿ ನಿನ್ನ ಹೆಗಲ ಮೇಲೆ ಯಾಕೆ ಕೂತಿದೆ ಓಬೆಡ್?" ಎಂದರು ಯಾರೋ.

"ಕದ್ದು ಬಟಾಣಿ ಹಾಕಿ ಪಳಗಿಸಿದಾನೆ, ಇನ್ನೇನು!" ಎಂದ ಅಮೋಸ್, ಯಾರ ಮುಖವನ್ನೂ ನೋಡದೆ. "ಪಾರಿವಾಳದ ಕಳ್ಳ!"

ಓಬೆಡ್ ಬಾಯಿ ತೆರೆದ. ತಾನು ಕ್ವೀನಿಯನ್ನು ಕದ್ದ ಹೊತ್ತಿಗೆ ಈ ಸುಳ್ಳ ಡಾಲಿಯನ್ನು ಕದ್ದು ಬಲೂನಿಗೆ ಕೊಟ್ಟಿದ್ದಾನೆ! ಇದು ಡಾಲಿ ಎಂದರೆ ನಾಲ್ಕನೇ ನಂಬರು ಯಾವುದು ಎನ್ನುತ್ತಾರೆ. ಬೈಬಲ್ ಮುಟ್ಟಿ ಹೇಳಿದ ಸುಳ್ಳು ಬಯಲಾಗುತ್ತದೆ. ಬಾಯಿ ಮುಚ್ಚಿ, ಡಾಲಿಯನ್ನು ಹೆಗಲಿಂದ ಬಿಡಿಸಿ ಅಮೋಸನ ಕೈಗೆ ಕೊಟ್ಟ.

ಜನ ಉಗಿದು ಚದುರಿದರು. ಅಮೋಸ್ ಹತ್ತಿರ ಬಂದು ಪಿಸುಗುಟ್ಟಿದ, "ಲೇ, ನನ್ನ ಕ್ವೀನಿ ಎಲ್ಲೋ?"

"ನಿನ್ನ ಕೈಯಲ್ಲೇ ಇದಾಳಲ್ಲೋ," ಎಂದ ಓಬೆಡ್.