ನಾನಿರುವುದು ಎಷ್ಟನೇ ಮಹಡಿಯಲ್ಲಿ?

ತನ್ನ ಮನೆ ಎಲ್ಲಿದೆ ಎಂದು ಹೇಳಲು ಬಾರದವನನ್ನು ಜನ ಮಗು ಅನ್ನುತ್ತಾರೆ, ಇಲ್ಲವೇ ಕುಡುಕ ಅನ್ನುತ್ತಾರೆ. ನಾನು ಎರಡೂ ಅಲ್ಲ. ನೈರೋಬಿಯ ಲ್ಯಾವಿಂಗ್ಟನ್‌ನಲ್ಲಿ ಬಾಡಿಗೆಗಿರುವ, ಟೆಲಿಕಾಂ ಕಂಪನಿಯ ಅನ್ನ ತಿನ್ನುವ ಗೃಹಸ್ಥ. ಆದರೂ ‘ಎಷ್ಟನೇ ಮಹಡಿ?’ ಎಂದು ಯಾರಾದರೂ ಕೇಳಿದರೆ ಬೆವರುತ್ತೇನೆ.

ಕಟ್ಟಡವನ್ನು ಕಟ್ಟಿದವರು ಚೀನಾದವರು. ಲಿಫ್ಟಿನಲ್ಲಿ ನೆಲಕ್ಕೇ ಒಂದನೇ ಗುಂಡಿ. ಬೆಂಗಳೂರಿನಲ್ಲಾಗಲಿ ನೈರೋಬಿಯಲ್ಲಾಗಲಿ ನೆಲವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆಟ್ಟಿಲು ಹತ್ತಿದ ಮೇಲೆಯೇ ಮೊದಲನೇ ಮಹಡಿ. ಸಾಲದ್ದಕ್ಕೆ ಮೂರರ ಮೇಲಿನ ಗುಂಡಿ ಐದು. ನಾಲ್ಕು ಇಲ್ಲವೇ ಇಲ್ಲ. ಕಟ್ಟಡದ ಎಂಜಿನಿಯರ್ ಲಿಯು ಒಮ್ಮೆ ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದೆ. ಅವರ ಭಾಷೆಯಲ್ಲಿ ನಾಲ್ಕು ಎಂದರೆ ಸಾವು ಎಂದಂತೆ ಕೇಳಿಸುತ್ತದಂತೆ. ನೆಲದ ಅಂತಸ್ತೇ ‘ಯೀ ಲೋ’, ಒಂದನೆಯದು. ಯಾವ ಮಹಡಿ ಎಂದು ಹೇಳಲು ‘ಲೋ’, ಕಟ್ಟಡಕ್ಕೆ ಎಷ್ಟು ಅಂತಸ್ತು ಎಂದು ಎಣಿಸಲು ‘ತ್ಸೆಂಗ್’. ಹೀಗೆ ಹೇಳಿದರೆಂದು ನನ್ನ ನೆನಪು. ತಲೆಕೆಳಗಾಗಿ ಹೇಳಿದ್ದರೂ ಹೇಳಿರಬಹುದು. ಲಿಫ್ಟು ಆಗ ಇಳಿಯುತ್ತಿತ್ತು.

ನಮ್ಮ ಕೆಳಗಿನ ಮನೆಯ ಮೊರಿತಾ ಜಪಾನಿನವರು. ಅವರಿಗೆ ಮಹಡಿ ಎಂದರೆ ‘ಕಾಯ್’. ಅವರ ಮನೆ ಮೂರನೇ ಗುಂಡಿಯಲ್ಲಿ, ಆದ್ದರಿಂದ ‘ಸಂಗಾಯ್’. ತಾರಸಿ ‘ಒಕುಜೋ’, ನೆಲಮಾಳಿಗೆ ‘ಚಿಕಾ’. ಅವರೂ ನೆಲದಿಂದಲೇ ಎಣಿಸುವವರು, ಅವರಿಗೂ ನಾಲ್ಕು ಆಗಿಬರುವುದಿಲ್ಲ. ಹಾಗಾಗಿ ಆ ಲಿಫ್ಟಿನಲ್ಲಿ ತವರಿಗೆ ಬಂದವರ ಹಾಗೆ ನೆಮ್ಮದಿಯಾಗಿ ಓಡಾಡುತ್ತಾರೆ. ನಾನು ಮಾತ್ರ ಐದನೇ ಗುಂಡಿ ಒತ್ತಿ ಮೂರನೇ ಮಹಡಿಯಲ್ಲಿ ಇಳಿಯುವವನು. ಗೇಟಿನ ಕಾವಲುಗಾರ ಕೂಡ ನಮ್ಮದನ್ನು ಸ್ವಾಹಿಲಿಯಲ್ಲಿ ‘ಗೊರೊಫಾ ಯಾ ತಾತು’, ಮೂರನೇ ಮಹಡಿ ಎಂದೇ ಹೇಳುತ್ತಾನೆ.

ಈ ಗೊಂದಲವನ್ನು ನಾನು ಹೇಗೋ ಸಾಕಿಕೊಂಡಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಶುಭಾ ಸತ್ಯನಾರಾಯಣ ಪೂಜೆ ಇಟ್ಟುಕೊಂಡಳು. ಭಟ್ಟರು ವಾರವಿಡೀ ಬ್ಯಾಂಕಿನಲ್ಲಿ ಜನರಿಗೆ ಸಾಲ ಇಲ್ಲ ಎನ್ನುವ ಅಧಿಕಾರಿ, ಭಾನುವಾರ ಮಾತ್ರ ಪುರೋಹಿತರು. ಮಧ್ಯಾಹ್ನಕ್ಕೆ ರುಂಡಾ ಬಡಾವಣೆಯಲ್ಲಿ ಇನ್ನೊಂದು ಪೂಜೆ ಒಪ್ಪಿಕೊಂಡಿದ್ದರು. ಹತ್ತಕ್ಕೆ ಬರಬೇಕಾದವರು ಹನ್ನೊಂದಾದರೂ ಪತ್ತೆಯಿಲ್ಲ. ಶುಭಾ ಬೆಳಗಿನಿಂದ ಉಪವಾಸ. ಹಾಲ್ ತುಂಬ ಜನ. ಮಕ್ಕಳ ಕಣ್ಣೆಲ್ಲ ಸಪಾದ ಪ್ರಸಾದದ ಪಾತ್ರೆಯ ಮೇಲೆ. ಭಟ್ಟರು ಮಡಿಯಲ್ಲಿ ಫೋನ್ ಮುಟ್ಟುವುದಿಲ್ಲ, ಕಾರಿನಲ್ಲೇ ಬಿಟ್ಟು ಬರುತ್ತಾರೆ. ಹೊತ್ತು ಮೀರಿ ಅವರು ಹಾಗೇ ರುಂಡಾಕ್ಕೆ ಹೊರಟುಬಿಟ್ಟರೆ ಪೂಜೆಯೂ ಇಲ್ಲ, ಆಮೇಲೆ ಮನೆಯಲ್ಲಿ ನನಗೆ ಶಾಂತಿಯೂ ಇಲ್ಲ. ಕಾವಲುಗಾರನಿಗೆ ಫೋನ್ ಮಾಡಿದರೆ, ಅವರು ಆಗಲೇ ಮೇಲೆ ಬಂದಾಯಿತು ಎಂದ.

“ಭಟ್ರಿಗೆ ಎಷ್ಟನೇ ಫ್ಲೋರ್ ಅಂದಿದ್ರಿ?” ಎಂದಳು ಶುಭಾ.

ಗುಂಡಿಯ ಸಂಖ್ಯೆಯನ್ನೂ ಹೇಳಿದ್ದೆನೆಂದು ಆಗ ಆಣೆ ಮಾಡಲು ಸಿದ್ಧನಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಮೂರನೇದು ಅಂದಿದ್ದೆ ಎಂದೆ. ಮಗಳು ಮೊಬೈಲಿನಿಂದ ತಲೆಯೆತ್ತದೆ, “ಡ್ಯಾಡ್, ಥ್ರೀ ಈಸ್ ಮೊರಿತಾಸ್,” ಎಂದಳು.

ಕೆಳಗೆ ಓಡಿದೆ. ಮೊರಿತಾ ಅವರ ಬಾಗಿಲ ಮುಂದೆ ಚಪ್ಪಲಿ, ಬೂಟುಗಳ ರಾಶಿ. ಅವರ ಮಗನ ಹುಟ್ಟುಹಬ್ಬವಂತೆ. ನಮ್ಮ ಹಾಗೆ ಅವರಲ್ಲೂ ಪಾದರಕ್ಷೆ ಬಿಟ್ಟೇ ಒಳಗೆ ಹೋಗುವ ಪದ್ಧತಿ. ತೆರೆದ ಬಾಗಿಲ ಮುಂದೆ ಅಷ್ಟು ಚಪ್ಪಲಿ ಕಂಡರೆ ನಮ್ಮವರು ಯಾರೂ ಬೆಲ್ ಒತ್ತುವುದಿಲ್ಲ. ಪೂಜೆ ಮನೆ ಇದೇ ಎಂದು ನೇರ ಒಳಗೆ ನಡೆಯುತ್ತಾರೆ. ಭಟ್ಟರೂ ನಡೆದಿದ್ದರು. ನಡುಮನೆಯಲ್ಲಿ ಮಡಿಪಂಚೆ ಉಟ್ಟು ಪದ್ಮಾಸನ ಹಾಕಿ ಕುಳಿತಿದ್ದರು. ಮುಂದೆ ತಟ್ಟೆಯಲ್ಲಿ ಅಕ್ಕಿ, ತಂಬಿಗೆಯ ಬದಲು ಹೂಜಿಯಲ್ಲಿ ನೀರು, ಹೂವು. ಅವರು ಕೈಸನ್ನೆಯಲ್ಲಿ ಕೇಳಿದ್ದನ್ನೆಲ್ಲ ಮೊರಿತಾ ಅವರ ಹೆಂಡತಿ ಬಾಗಿ ಬಾಗಿ ತಂದುಕೊಟ್ಟಿದ್ದರು. ಸುತ್ತ ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿದ್ದರು. ಹುಟ್ಟುಹಬ್ಬಕ್ಕೆ ಅವರು ಒಬ್ಬ ಜಾದೂಗಾರನನ್ನು ಕರೆಸಿದ್ದರಂತೆ.

“ಎಲ್ರೀ ಹೋಗಿದ್ರಿ ಯಜಮಾನ್ರೇ?” ಎಂದರು ಭಟ್ಟರು. “ಪಾಪ, ನಿಮ್ಮ ಆಫೀಸಿನವ್ರೇ ಎಲ್ಲಾ ಓಡಾಡಿ ಮಾಡ್ತಿದಾರೆ. ಮನೆಯವ್ರಿಗೆ ಅಡುಗೆಮನೆಯಿಂದ ಬರೋಕೆ ಹೇಳಿ, ಹೊತ್ತಾಯ್ತು.”

ಅವರನ್ನು ಎಬ್ಬಿಸಿ ಮೇಲೆ ಕರೆತಂದೆ. ಹಿಂದೆಯೇ ಮೊರಿತಾ ದಂಪತಿಗಳೂ ಮಕ್ಕಳೂ ಬಂದರು. ಮಕ್ಕಳು ಇನ್ನೂ ಪಾರಿವಾಳಕ್ಕೆ ಕಾಯುತ್ತಿದ್ದವು. ಭಟ್ಟರು ಅವಸರದಲ್ಲಿ ಸಂಕಲ್ಪ ಶುರುಮಾಡಿದರು. ನಾವಿರುವ ಜಾಗವನ್ನು ದೇವರಿಗೆ ತಿಳಿಸುವ ಭಾಗ ಬಂತು. ಜಂಬೂದ್ವೀಪವನ್ನು ಬಿಟ್ಟು ಆಫ್ರಿಕಾ ಖಂಡಕ್ಕೆ ಬಂದರು, ನೈರೋಬಿ ನಗರಕ್ಕೆ ಬಂದರು, ಲ್ಯಾವಿಂಗ್ಟನ್‌ಗೂ ಬಂದರು. ಅಲ್ಲಿ ನಿಲ್ಲಿಸಿ ನನ್ನನ್ನೇ ನೋಡಿದರು.

“ಎಷ್ಟನೇ ಮಹಡಿ ಅಂತ ಹೇಳ್ಲಿ ರೀ? ದೇವ್ರಾದ್ರೂ ಸರಿಯಾದ ಮನೆಗೆ ಬರ್ಬೇಕಲ್ಲ.”

ಲೋ, ಕಾಯ್, ಗೊರೊಫಾ ಎಲ್ಲ ಒಟ್ಟಿಗೆ ಬಾಯಿಗೆ ಬಂದು ಒಂದೂ ಹೊರಡಲಿಲ್ಲ. ಹಸಿದಿದ್ದ ಶುಭಾ ಹೇಳಿದಳು: “ಮೊರಿತಾ ಅವ್ರ ಮನೆ ಮೇಲೆ ಅನ್ನಿ ಭಟ್ರೇ.”

ಪೂಜೆ ಸಾಂಗವಾಗಿ ಮುಗಿಯಿತು. ಅಂದಿನಿಂದ ಅದೇ ನಮ್ಮ ವಿಳಾಸ. ತರಕಾರಿಯವನಿಗೂ ಅಷ್ಟೇ, ದೂರದ ಕಸರಾನಿ ಬಡಾವಣೆಯಿಂದ ಊಟಕ್ಕೆ ಬರುವ ಗೆಳೆಯರಿಗೂ ಅಷ್ಟೇ. ಒಬ್ಬರೂ ದಾರಿ ತಪ್ಪಿಲ್ಲ.

ಕಳೆದ ವಾರ ಮೊರಿತಾ ಅವರಿಗೆ ಜಪಾನಿಗೆ ವರ್ಗವಾಯಿತು. ಬೀಳ್ಕೊಡುವಾಗ ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವನು ನಾನೇ. ಇನ್ನಾರು ತಿಂಗಳಾದರೂ ಇರಿ ಎಂದು ಕೈಹಿಡಿದು ಬೇಡಿಕೊಂಡೆ. ಅವರ ಕಣ್ಣು ಒದ್ದೆಯಾಯಿತು. ಇಷ್ಟು ಪ್ರೀತಿಯ ನೆರೆಯವರನ್ನು ಎಲ್ಲೂ ಕಂಡಿಲ್ಲ ಎಂದರು. ಹೋಗುತ್ತಿರುವುದು ನನ್ನ ವಿಳಾಸ ಎಂದು ಅವರಿಗೆ ಹೇಗೆ ಹೇಳಲಿ? ಸುಮ್ಮನೆ ಕಣ್ಣೊರೆಸಿಕೊಂಡು, ಲಿಫ್ಟ್ ಹತ್ತಿ, ಮನೆಗೆ ಹೋಗಲು ಯಾವ ಗುಂಡಿ ಒತ್ತಬೇಕೆಂದು ನೋಡುತ್ತ ನಿಂತೆ.