ಅಯ್ನೋರು ಮಾಡಿಸಿದ ರಾಜಿ

ಜಗಳ ಬಿಡಿಸುವವರ ಹೆಂಡತಿಯಾಗುವುದಕ್ಕಿಂತ ಜಗಳಗಂಟಿಯಾಗಿ ಹುಟ್ಟುವುದೇ ವಾಸಿ. ಜಗಳವಾಡಿದವರು ಬಂದು ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಾರೆ. ಕಾಫಿ ಲೋಟ ತೊಳೆಯುವವಳು ನಾನು. ನಮ್ಮ ಯಜಮಾನರು ಅಜ್ಜಂಪುರದಲ್ಲಿ ನಮ್ಮ ಕೇರಿಯ ಲಿಂಗಾಯತ ಮನೆಗಳಿಗೆಲ್ಲ ಅಯ್ನೋರು. ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಮಣ್ಣು ಮಾಡುವವರೆಗೆ ಇವರೇ ಬೇಕು. ನಡುವಿನ ಜಗಳಗಳೂ ಇವರ ಪಾಲಿಗೇ. ತರೀಕೆರೆ ಕೋರ್ಟಿಗೆ ಹೋದರೆ ವಾಯಿದೆ ಸಿಗುತ್ತದೆ, ಇವರ ಹತ್ತಿರ ಬಂದರೆ ವಿಭೂತಿ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ಇವರ ಉಪಾಯ ಒಂದೇ. ಇಬ್ಬರ ಮನೆಗೂ ಹೋಗಿ, ಎದುರಿನವರ ಮನಸ್ಸು ಕರಗಿದೆ, ಅವರೇ ಬಂದು ಮಾತಾಡಿಸುತ್ತಾರಂತೆ ಎಂದು ಹೇಳಿಬರುವುದು. ಶುದ್ಧ ಸುಳ್ಳು. ಹೀಗೆ ಹೇಳಿಸಿಕೊಂಡ ಭಾವ ಮೈದುನ ಇಬ್ಬರು ಒಮ್ಮೆ ಕಡೂರು ಬಸ್ಸಿನಲ್ಲಿ ಒಂದೇ ಸೀಟಿಗೆ ಬಂದು ಕೂತು ರಾಜಿಯಾಗಿಬಿಟ್ಟರು. ಅದು ಬಸ್ಸಿನ ಪುಣ್ಯ. ಇವರು ತಮ್ಮದೆಂದುಕೊಂಡರು.

ಗಂಗಮ್ಮ, ಪುಟ್ಟಮ್ಮ ಒಂದೇ ಗೋಡೆಯ ಆಚೆ ಈಚೆ ಇರುವ ವಾರಗಿತ್ತಿಯರು. ಗಂಗಮ್ಮನ ಮೊಮ್ಮಗಳ ನಾಮಕರಣದಲ್ಲಿ ಪುಟ್ಟಮ್ಮನಿಗೆ ಎಲ್ಲರಿಗಿಂತ ಕೊನೆಗೆ ಅರಿಶಿನ ಕುಂಕುಮ ಕೊಟ್ಟರು. ಅಲ್ಲಿಗೆ ಮಾತು ನಿಂತಿತು. ಇವರು ಎರಡೂ ಮನೆಗೆ ಹೋಗಿ, ಸೋಮವಾರ ಅವಳೇ ಬರುತ್ತಾಳೆ ಎಂದು ಹೇಳಿಬಂದರು. ಸೋಮವಾರ ಎರಡೂ ಮನೆಯಲ್ಲಿ ಹೋಳಿಗೆಯ ಘಮಘಮ. ಇಬ್ಬರೂ ಬಾಗಿಲು ತೆರೆದಿಟ್ಟುಕೊಂಡು ಕೂತರು, ಯಾರೂ ಏಳಲಿಲ್ಲ. ಮರುದಿನ ಪುಟ್ಟಮ್ಮ ಬಂದು, "ತುಪ್ಪ ಕಾಸಿಟ್ಟು ಕೂತಿದ್ದೆ ಅಮ್ನೋರೆ, ಬತ್ತೀನಿ ಅಂದೋಳು ಬರ್ಲೇ ಇಲ್ಲ" ಅಂದಳು. ಅವಳು ಹೋದ ಮೇಲೆ ಗಂಗಮ್ಮ ಬಂದಳು, ಅದೇ ತುಪ್ಪದ ಕಥೆ. ಮೊದಲು ಬರೀ ಸಿಟ್ಟಿತ್ತು, ಈಗ ಮಾತು ತಪ್ಪಿದಳೆಂಬ ನೋವೂ ಸೇರಿಕೊಂಡಿತು.

ನಿಜ ಹೇಳಿಬಿಡಿ ಎಂದು ಇವರನ್ನು ಅಂಗಲಾಚಿದೆ. "ನಾ ಸುಳ್ಳು ಹೇಳ್ದೆ ಅಂತ ಗೊತ್ತಾದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ ಕಣೇ? ಶ್ರಾವಣ ಬರ್ಲಿ, ನೋಡಾಣ" ಅಂದರು. ಶ್ರಾವಣಕ್ಕೆ ಮೊದಲೇ ಗಂಗಮ್ಮ ಎದೆನೋವು ಬಂದು ಹೋಗಿಬಿಟ್ಟಳು.

ಅವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಇವರು ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಪುಟ್ಟಮ್ಮ ಬಂದು ಗಂಗಮ್ಮನ ಮೊಣಕಾಲು ಹಿಡಿದುಕೊಂಡು ಕೂತಳು. "ನೀನೇ ಬತ್ತೀಯ ಅಂತ ಅಯ್ನೋರು ಹೇಳಿದ್ರು ಕಣಕ್ಕಾ. ಅದ್ಕೇ ನಾ ಬರ್ಲಿಲ್ಲ" ಅಂದಳು. ಇವರು ತಲೆ ಎತ್ತಲಿಲ್ಲ, ಹಚ್ಚಿದ ಜಾಗಕ್ಕೇ ಮತ್ತೆ ಮತ್ತೆ ವಿಭೂತಿ ಹಚ್ಚುತ್ತಿದ್ದರು.

ಅಂದಿನಿಂದ ಇವರು ಸುಳ್ಳು ಬಿಟ್ಟಿದ್ದಾರೆ. ಮೊನ್ನೆ ಊಟಕ್ಕೆ ಕೂತಾಗ ಸಾರು ಹೇಗಿದೆ ಎಂದು ಬಾಯಿ ತಪ್ಪಿ ಕೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಜೊತೆಗೆ ಹಿಂದಿನ ವರ್ಷಗಳ ಸಾರಿನ ಬಗ್ಗೆಯೂ. ಆಮೇಲೆ ನಮ್ಮಿಬ್ಬರಿಗೂ ಮಾತಿಲ್ಲ. ಅವರು ಜಗಲಿಯಲ್ಲಿದ್ದಾರೆ, ನಾನು ಅಡುಗೆಮನೆಯಲ್ಲಿ. ಇಷ್ಟೆಲ್ಲ ಕಣ್ಣಾರೆ ಕಂಡವಳು ಎದ್ದು ಹೋಗಿ ಮಾತಾಡಿಸಬೇಕು, ಗೊತ್ತು. ಆದರೂ ಅವರೇ ಬರಲಿ ಎಂದು ಕೂತಿದ್ದೇನೆ.