ಹಿತ್ತಲ ಕಲ್ಲು ಪ್ರವಾಸಿ ತಾಣವಾದದ್ದು

ನನ್ನ ಸ್ವಭಾವದಲ್ಲಿ ಒಂದು ದೋಷವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಅರ್ಜಿಯಲ್ಲೇ ಆಗಲಿ, ಒಂದು ಕಾಲಂ ಖಾಲಿ ಬಿಡುವುದು ನನ್ನ ಕೈಲಿ ಆಗುವುದಿಲ್ಲ. ಚನ್ನಗಿರಿಯ ಒಂದು ಕಚೇರಿಯಲ್ಲಿ ಇಷ್ಟು ವರ್ಷ ಗುಮಾಸ್ತನಾಗಿ ಕೂತದ್ದರ ಫಲ ಇದು. ತಪ್ಪು ತುಂಬಿದ್ದು ಮೇಲಿನವರ ಕಣ್ಣಿಗೆ ಎಷ್ಟೋ ಸಲ ಬೀಳುವುದೇ ಇಲ್ಲ. ಖಾಲಿ ಬಿಟ್ಟದ್ದು ಮಾತ್ರ ಬಿದ್ದೇ ಬೀಳುತ್ತದೆ, ಕಡತ ವಾಪಸ್ ಬರುತ್ತದೆ. ಹಿಂದೊಮ್ಮೆ ರೇಷನ್ ಕಾರ್ಡಿನ ಅರ್ಜಿಯಲ್ಲಿ 'ಇತರೆ ವಿವರ' ಎಂಬಲ್ಲಿ ಏನು ಬರೆಯಬೇಕೋ ತೋಚದೆ 'ಎಲ್ಲರೂ ಸೌಖ್ಯ' ಎಂದು ಬರೆದಿದ್ದೆ. ಯಾರೂ ಏನೂ ಕೇಳಲಿಲ್ಲ, ಕಾರ್ಡು ಬಂತು. ಅಂದಿನಿಂದ ನನ್ನ ಧೈರ್ಯ ಹೆಚ್ಚಾಯಿತು. ಆ ಧೈರ್ಯವೇ ನನ್ನ ಹೆಂಡತಿ ಕೊಟ್ರಮ್ಮನ ಬಟ್ಟೆ ಒಗೆಯುವ ಕಲ್ಲಿಗೆ ಕುತ್ತಾಯಿತು.

ಸರ್ಕಾರ ಪ್ರವಾಸೋದ್ಯಮವನ್ನು ಬೆಳೆಸುವುದೆಂದರೆ ರಸ್ತೆ ಹಾಕುವುದು, ಶೌಚಾಲಯ ಕಟ್ಟುವುದು ಎಂದು ನಾನು ತಿಳಿದಿದ್ದೆ. ಅದೆಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ಪಟ್ಟಿ. 'ಇನ್ನೂ ಬೆಳಕಿಗೆ ಬಾರದ ತಾಣಗಳನ್ನು' ಪ್ರತಿ ತಾಲ್ಲೂಕಿನಿಂದ ಕಳಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂತು. ನಮೂನೆಯಲ್ಲಿ ಹತ್ತು ಸಾಲು. ಒಂಬತ್ತನ್ನು ನಾನು ಹೇಗೋ ತುಂಬಿದೆ. ಬೆಳಕಿಗೆ ಬಾರದ ತಾಣ ನಮಗೆ ಮಾತ್ರ ಹೇಗೆ ಗೊತ್ತಿರಬೇಕು ಎಂದು ಕೇಳುವ ಹಾಗಿರಲಿಲ್ಲ. ಹತ್ತನೆಯದು ಏಳಲೊಲ್ಲದು. ನ್ಯಾಮತಿಯ ನನ್ನ ಜೊತೆಗಾರನಿಗೆ ಫೋನ್ ಮಾಡಿದೆ.

"ನಮ್ದು ಹನ್ನೆರಡು ಆಗ್ಯಾವೆ ಮಾರಾಯ, ಜಾಸ್ತಿ ಹಾಳೆ ಅಂಟಿಸಿ ಕಳಿಸೀನಿ," ಎಂದ. ಅವನದು ಹೊಸ ತಾಲ್ಲೂಕು, ಹುರುಪು ಜಾಸ್ತಿ. ಮೊದಲು ಅದು ಹೊನ್ನಾಳಿಯಲ್ಲೇ ಇತ್ತಲ್ಲ, ಹಾಗಾಗಿ ಒಂದು ಗುಡ್ಡವನ್ನು ಹೊನ್ನಾಳಿಯವರೂ ಬರೆದಿದ್ದರು, ನ್ಯಾಮತಿಯವರೂ ಬರೆದಿದ್ದರು. ಎರಡೂ ಪಟ್ಟಿ ಮಂಜೂರಾಗಿ, ಗುಡ್ಡ ಮಾತ್ರ ಇದ್ದಲ್ಲೇ ಇದೆ ಎಂದು ಆಮೇಲೆ ಕೇಳಿದೆ. ನನಗೆ ಅಂಥ ಅನುಕೂಲದ ಗುಡ್ಡವೂ ಇರಲಿಲ್ಲ.

ಆಗ ನೆನಪಾದದ್ದು ನಮ್ಮ ಹಿತ್ತಲ ಕಲ್ಲು. ನಮ್ಮ ಮನೆ ಇರುವುದು ಕೆರೆಬಿಳಚಿ ಕಡೆಯ ಒಂದು ಹಳ್ಳಿಯಲ್ಲಿ. ಹಿತ್ತಲಿನಲ್ಲಿ ನಲ್ಲಿಯ ಪಕ್ಕ ಮಾರುದ್ದದ ಒಂದು ಚಪ್ಪಡಿ. ಅದು ಯಾವ ಕಾಲದ್ದೋ ಗೊತ್ತಿಲ್ಲ. "ಅದರ ಅಡಿಗೆ ಕತ್ತಿ ಹಿಡ್ಕಂಡಿರೋ ಒಬ್ಬ ವೀರನ ಚಿತ್ರ ಐತಂತೆ, ನಮ್ಮತ್ತಿ ಹೇಳ್ತಿದ್ಲು," ಎಂದು ನಮ್ಮವ್ವ ಹೇಳುತ್ತಿದ್ದಳು. ನಮ್ಮಜ್ಜಿ ನೋಡಿದ್ದಳೇ ಎಂದರೆ ಅವಳೂ ಅವಳ ಅತ್ತೆಯಿಂದ ಕೇಳಿದ್ದು. ನೋಡಿದವರು ಯಾರೂ ಇರಲಿಲ್ಲ. ಆದರೆ ನಮೂನೆಯಲ್ಲಿ 'ನೋಡಿದವರು ಯಾರು' ಎಂಬ ಕಾಲಂ ಇರಲಿಲ್ಲ. ಬರೆದೆ: 'ವೀರಗಲ್ಲು, ಚಿತ್ರ ಅಡಿಮುಖದಲ್ಲಿದೆ. ಸ್ಥಿತಿ: ಉತ್ತಮ.' ಮುಂದಿನ ಕಾಲಂ 'ಪ್ರಸ್ತುತ ಬಳಕೆ' ಎಂದಿತ್ತು. ಸ್ವಲ್ಪ ಯೋಚಿಸಿ 'ಪ್ರತಿದಿನ ಜಲಾಭಿಷೇಕ ನಡೆಯುತ್ತದೆ' ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಕೊಟ್ರಮ್ಮ ಅದರ ಮೇಲೆ ನಾಲ್ಕು ಬಕೆಟ್ ನೀರು ಸುರಿಯುತ್ತಾಳೆ.

ಮನೆಯಲ್ಲಿ ಈ ಸಂಗತಿ ಹೇಳಲಿಲ್ಲ. ಕಚೇರಿಯ ವಿಷಯ ಮನೆಗೆ ತರಬಾರದು ಎಂಬುದು ನನ್ನ ನಿಯಮ, ಮನೆಯದನ್ನು ಕಚೇರಿಗೆ ಒಯ್ದಿದ್ದರೂ. ಕಳಿಸಿದ ಪಟ್ಟಿಗಳು ಮೇಲೆ ಹೋಗಿ ಏನಾಗುತ್ತವೆಂದು ನನಗೆ ಗೊತ್ತಿತ್ತು; ಏನೂ ಆಗುವುದಿಲ್ಲ. ಈ ಸಲ ಆಯಿತು. ಕೆಲವು ತಿಂಗಳ ಮೇಲೆ ಒಂದು ದಿನ ಕೊಟ್ರಮ್ಮ ಹಿಟ್ಟಿನ ಗಿರಣಿಯಿಂದ ಬಂದವಳು ತಲೆಯ ಮೇಲಿನ ಡಬ್ಬಿ ಇಳಿಸದೆಯೇ ಕೇಳಿದಳು: "ರೀ, ಬಸ್ ಸ್ಟ್ಯಾಂಡ್ ತಾವ ಕಂದು ಬಣ್ಣದ ಬೋರ್ಡ್ ಹಾಕ್ಯಾರೆ. ಐತಿಹಾಸಿಕ ವೀರಗಲ್ಲು ಅಂತ ಬರ್ದೈತೆ. ಬಾಣದ ಗುರುತು ನಮ್ಮನಿ ಕಡಿಗೇ ತೋರುಸ್ತೈತಲ್ಲ?"

"ಬಾಣ ಅಂದಮೇಲೆ ಯಾವ ಕಡೆಗಾದ್ರೂ ತೋರಿಸ್ಲೇಬೇಕಲ್ಲ," ಎಂದೆ.

ಮುಂದಿನ ವಾರ ಕೆಲಸದವರು ಬಂದು ಕಲ್ಲಿನ ಸುತ್ತ ನಾಲ್ಕು ಕಂಬ ನೆಟ್ಟರು, ಸರಪಳಿ ಕಟ್ಟಿದರು, 'ಮುಟ್ಟಬಾರದು' ಎಂಬ ಫಲಕ ತೂಗುಹಾಕಿದರು. ಕೊಟ್ರಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತು ಎಲ್ಲವನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹತ್ತನೆಯ ಸಾಲಿನ ವಿಷಯ ಅವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಪ್ಪಿಕೊಂಡೆ.

ಆಮೇಲಿನ ದಿನಗಳಲ್ಲಿ ಅವಳು ಸಿಮೆಂಟ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಗೆದಳು. ಸೊಂಟ ಹಿಡಿಯಿತು. ನನ್ನ ಶರ್ಟಿನ ಕಾಲರು ಅರ್ಧ ಮಾತ್ರ ಬಿಳಿಯಾಗುತ್ತಿತ್ತು. ವಾಷಿಂಗ್ ಮಷಿನ್ ತರೋಣವೆಂದು ನಾನು ಧಾರಾಳತನ ತೋರಿಸಿದೆ. "ಅದ್ರಾಗೆ ಬಟ್ಟಿ ತಿರುಗ್ತಾವೆ, ಕೊಳಿ ಎಲ್ಲಿಗೆ ಹೋಗ್ತೈತೆ?" ಎಂದಳು. ಕಾಲರನ್ನು ಇನ್ನೊಮ್ಮೆ ತಿಕ್ಕಿ ಮತ್ತೆ ಹೇಳಿದಳು: "ನಮ್ಮ ಜಗಳೂರು ಕಡೆ ನೀರು ನೋಡ್ಕಂಡು ಬಟ್ಟಿ ಒಗೀತಿದ್ವಿ. ಇಲ್ಲಿಗೆ ಬಂದಾಗ ಮನಿ ಹಿಡಿಸ್ಲಿಲ್ಲ, ಊರು ಹಿಡಿಸ್ಲಿಲ್ಲ, ನೀವೂ ಅಷ್ಟಕ್ಕಷ್ಟೆ. ಆ ಕಲ್ಲು, ಆ ನೀರು, ಅವೆರಡೇ ಹಿಡಿಸಿದ್ದು. ಮೊದಲ್ನೇ ವರ್ಷ ಅತ್ತಿದ್ದೆಲ್ಲ ಅದರ ಮ್ಯಾಲೇ. ಬಟ್ಟಿ ಸಪ್ಪಳದಾಗೆ ಯಾರಿಗೂ ಕೇಳ್ತಿರ್ಲಿಲ್ಲ." ಇಷ್ಟು ವರ್ಷ ಅದೇ ಸಪ್ಪಳಕ್ಕೆ ಎದ್ದು, ಕಾಫಿ ಕುಡಿದು, ಪೇಪರ್ ಓದಿದವನು ನಾನು. ಅವತ್ತು ನಿಜವಾಗಿಯೂ ನಾಚಿಕೆಯಾಯಿತು.

ಅಷ್ಟರಲ್ಲಿ ಮೇಲಿನ ಸಾಹೇಬರಿಂದ ಪತ್ರ ಬಂತು. ವೀರಗಲ್ಲನ್ನು ಎತ್ತಿ, ಚಿತ್ರವಿರುವ ಮುಖವನ್ನು ಸಾರ್ವಜನಿಕರಿಗೆ ಕಾಣುವಂತೆ ನಿಲ್ಲಿಸಬೇಕಂತೆ. ಅವರೇ ಖುದ್ದು ಬರುತ್ತಾರಂತೆ. ಅಡಿಯಲ್ಲಿ ವೀರನಿದ್ದರೆ ಕಲ್ಲು ಹೋಗುತ್ತದೆ, ಕೊಟ್ರಮ್ಮನ ಮುಖ ನೋಡುವಂತಿಲ್ಲ. ಇಲ್ಲದಿದ್ದರೆ ನೌಕರಿಯ ಕೊನೆಯ ವರ್ಷಗಳಲ್ಲಿ ಕಾರಣ ಕೇಳಿ ನೋಟಿಸು. ಗುಮಾಸ್ತನಾಗಿ ವೀರ ಇರಲಿ ಎಂದು ದೇವರಿಗೆ ಕೈಮುಗಿದೆ. ಗಂಡನಾಗಿ ಇಲ್ಲದಿರಲಿ ಎಂದು ಇನ್ನೊಮ್ಮೆ ಕೈಮುಗಿದೆ. ದೇವರು ಯಾವ ಅರ್ಜಿಯನ್ನು ಮೊದಲು ತೆಗೆದುಕೊಳ್ಳುತ್ತಾನೋ ಗೊತ್ತಿರಲಿಲ್ಲ.

ಸಾಹೇಬರು ಬಂದರು. ಆರು ಜನ ಆಳುಗಳು ಹಾರೆ ಕೊಟ್ಟು ಕಲ್ಲು ಮೀಟಿದರು. ಕಲ್ಲು ಎದ್ದು ನಿಂತಿತು. ಸಾಹೇಬರೇ ಒಂದು ತಂಬಿಗೆ ನೀರು ಹಾಕಿ ಮಣ್ಣು ತೊಳೆದು ನೋಡಿದರು. ಅಡಿಯ ಮುಖವೂ ಮೇಲಿನ ಮುಖದಷ್ಟೇ ನುಣ್ಣಗಿತ್ತು. ಕೆಳಗಿನ ಗುಣಿಯಲ್ಲಿ ಎರಡು ಎರೆಹುಳುಗಳೂ ನನ್ನ ಹಳೆಯ ಶರ್ಟಿನ ಒಂದು ಗುಂಡಿಯೂ ಇದ್ದವು.

"ಹಾಲೇಶಪ್ನೋರೆ, ವೀರ ಎಲ್ರೀ?" ಎಂದರು ಸಾಹೇಬರು.

"ಸವೆದಿರಬಹುದು ಸಾರ್."

"ನೆಲದ ಕಡೆ ಮಕ ಮಾಡಿ ಮಲಗಿದ್ದೋನು ಹೆಂಗ್ರೀ ಸವೀತಾನೆ?"

ಕೊಟ್ರಮ್ಮ ಮುಂದೆ ಬಂದಳು. "ಸಾಹೇಬ್ರೆ, ಹೆಂಗೂ ಏನೂ ಇಲ್ಲ. ಕಲ್ಲು ಮೊದ್ಲು ಇದ್ದಂಗೆ ಹಾಕ್ಸಿ ಹೋಗ್ರಿ. ಇವತ್ತಿಂದು ಬಟ್ಟಿ ನೆನೆಸಿಟ್ಟೀನಿ," ಎಂದಳು.

ಸಾಹೇಬರು ಅವಳನ್ನೂ ಬಕೆಟ್ಟನ್ನೂ ನೋಡಿ ಯೋಚನೆಗೆ ಬಿದ್ದರು. ಮಂಜೂರಾದ ತಾಣವನ್ನು ರದ್ದು ಮಾಡುವುದೆಂದರೆ ಬರೆದವನು, ಪರಿಶೀಲಿಸಿದವನು, ಸಹಿ ಹಾಕಿದವನು ಮೂವರೂ ವಿವರಣೆ ಕೊಡಬೇಕು, ಮೂರನೆಯವರು ಅವರೇ. ಅದಕ್ಕಿಂತ ತಾಣದ ವರ್ಗ ಬದಲಾಯಿಸುವುದು ಸುಲಭ. "ಈಗ 'ಗ್ರಾಮೀಣ ಜೀವನಾನುಭವ' ಅಂತ ಒಂದು ವರ್ಗ ಬಂದೈತೆ," ಎಂದರು. "ಪಟ್ಟಣದೋರು ಹಳ್ಳಿ ಕೆಲ್ಸ ನೋಡಾಕೆ ಬರ್ತಾರೆ. ಸರಪಳಿ ತೆಗೆಸ್ತೀನಿ, ಕಲ್ಲು ನಿಮಗೇ ಇರ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಒಂದು ತಾಸು ಒಗೆದು ತೋರಿಸ್ಬೇಕು ಅಷ್ಟೇ, ಅಮ್ಮಾರೆ."

"ನಾನಾ?" ಎಂದಳು ಕೊಟ್ರಮ್ಮ. "ಬಂದೋರ ಮುಂದೆ ಸೀರಿ ಎತ್ತಿಕಟ್ಟಿ ನಿಂತ್ಕಳಾಕೆ ನನ್ ಕೈಲಾಗಲ್ಲ. ಅದನ್ನ ಬರ್ದೋರು ಯಾರೋ, ಅವ್ರೇ ಒಗೀಲಿ."

ಸಾಹೇಬರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಂದು ಮೊದಲ ಸಲ ಸಮಾಧಾನ ಕಂಡಿತು.

ಈಗ ಬಸ್ ಸ್ಟ್ಯಾಂಡಿನ ಫಲಕಕ್ಕೆ ಹೊಸ ಬಣ್ಣ ಬಳಿದು 'ಸಾಂಪ್ರದಾಯಿಕ ಒಗೆತದ ಕಲ್ಲು' ಎಂದು ಬರೆದಿದ್ದಾರೆ. ಬಾಣ ಮೊದಲಿನದೇ. ವಾರದ ಆರು ದಿನ ಕೊಟ್ರಮ್ಮ ತನ್ನ ಕಲ್ಲಿನ ಮೇಲೆ ತನ್ನ ಪಾಡಿಗೆ ಒಗೆಯುತ್ತಾಳೆ. ಆ ಸಪ್ಪಳ ಮತ್ತೆ ಕೇಳಿದ ದಿನ ನಾನು ಪೇಪರ್ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದೆ. ಭಾನುವಾರ ನನ್ನ ಸರದಿ. ಪಂಚೆ ಎತ್ತಿ ಕಟ್ಟಿ, ಇಡೀ ವಾರದ ಬೆಡ್‌ಶೀಟುಗಳನ್ನು ಗುಡ್ಡೆ ಹಾಕಿಕೊಂಡು ನಿಲ್ಲುತ್ತೇನೆ. ಬೆಡ್‌ಶೀಟುಗಳನ್ನೆಲ್ಲ ಭಾನುವಾರಕ್ಕೆಂದು ಎತ್ತಿಡುವ ಪದ್ಧತಿ ಮನೆಯಲ್ಲಿ ಇತ್ತೀಚೆಗೆ ಶುರುವಾಗಿದೆ. ದಾವಣಗೆರೆಯಿಂದ ಒಂದೆರಡು ಸಂಸಾರಗಳು ಬರುತ್ತವೆ, ಮೊಬೈಲು ಹಿಡಿಯುತ್ತವೆ. ಹೋದ ವಾರ ಬಂದ ಒಬ್ಬ ಹೆಣ್ಣುಮಗಳು, "ಇವರು ದಿನಾ ಒಗೀತಾರಾ ಆಂಟಿ?" ಎಂದು ಕೇಳಿದಳು. ಕೊಟ್ರಮ್ಮ ಕಟ್ಟೆಯ ಮೇಲೆ ಕೂತು ಅವರಿಗೆ ಮಂಡಕ್ಕಿ ಒಗ್ಗರಣೆ ಕೊಡುತ್ತ, "ಇಲ್ಲಮ್ಮ, ನೋಡೋರಿದ್ರೆ ಮಾತ್ರ. ಸರ್ಕಾರಿ ನೌಕರಿ," ಎಂದಳು.

ಮೊನ್ನೆ ಮತ್ತೊಂದು ನಮೂನೆ ಬಂತು, ತಾಣಗಳ ಪ್ರಗತಿ ವರದಿ. ಅದರಲ್ಲಿ 'ಪ್ರಮುಖ ಆಕರ್ಷಣೆ' ಎಂದೊಂದು ಕಾಲಂ. ಹಿಂದಿನದೆಲ್ಲ ನೆನಪಾಗಿ ಪೆನ್ನು ಏಳಲಿಲ್ಲ. ನನ್ನ ನೌಕರಿಯಲ್ಲಿ ಮೊದಲ ಸಲ ಒಂದು ಕಾಲಂ ಖಾಲಿ ಬಿಟ್ಟು, ಹಾಳೆಯನ್ನು ಮನೆಯ ಮೇಜಿನ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಕೊಟ್ರಮ್ಮ ದುಂಡಗಿನ ಅಕ್ಷರದಲ್ಲಿ ತುಂಬಿಟ್ಟಿದ್ದಳು: 'ಪ್ರಮುಖ ಆಕರ್ಷಣೆ: ನಮ್ಮ ಯಜಮಾನರು. ಸ್ಥಿತಿ: ಉತ್ತಮ. ಪ್ರಸ್ತುತ ಬಳಕೆ: ವಾರಕ್ಕೊಮ್ಮೆ ಜಲಾಭಿಷೇಕ ನಡೆಯುತ್ತದೆ.'

ಎರಡು ಸಲ ಓದಿದೆ. ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿ ಕಳಿಸಿದೆ.